ಚೀಟಿ ಬಂತು, ಚೀಲ ಬರಲಿಲ್ಲ: ಎನ್‌ಎಫ್‌ಎಸ್ ಹಂಚಿಕೆಯಲ್ಲಿ ಡಿವೈಸ್ ಫೈಲ್

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ತೂಕದ ಕಟ್ಟೆಯ ಪಕ್ಕದಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇಟ್ಟಿದ್ದೇವೆ. ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಯುಎಸ್‌ಬಿ ಸೀರಿಯಲ್ ಕೇಬಲ್ ಮೂಲಕ ಅದಕ್ಕೆ ಜೋಡಿಸಿದ್ದೇವೆ. ರೈತರ ಪಟ್ಟಿ ಬರೆಯುವ ಕಂಪ್ಯೂಟರ್ ಒಳಗಿನ ಕೋಣೆಯಲ್ಲಿದೆ. ಎರಡರ ನಡುವೆ ಎನ್‌ಎಫ್‌ಎಸ್ (ಒಂದು ಕಂಪ್ಯೂಟರಿನ ಫೋಲ್ಡರನ್ನು ಜಾಲದ ಮೇಲೆ ಇನ್ನೊಂದರಲ್ಲಿ ಬಳಸುವ ವ್ಯವಸ್ಥೆ) ಮೂಲಕ ಒಂದು ಫೋಲ್ಡರ್ ಹಂಚಿಕೊಂಡಿದ್ದೇವೆ. ಆ ಫೋಲ್ಡರಿನಲ್ಲಿ ‘ಎಂಕೆನಾಡ್’ ಆಜ್ಞೆ ಕೊಟ್ಟು, 188 ಮತ್ತು 0 ಎಂಬ ಸಂಖ್ಯೆಗಳೊಂದಿಗೆ ‘ತೂಕ’ ಎಂಬ ಡಿವೈಸ್ ಫೈಲ್ ಮಾಡಿದೆ. ಕಟ್ಟೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ತೂಕ ಸರಿಯಾಗಿ ಬರುತ್ತದೆ. ಒಳಗಿನ ಕಂಪ್ಯೂಟರಿನಲ್ಲಿ ಮೊದಲು ‘ಅನುಮತಿ ಇಲ್ಲ’ ಎಂದಿತು. ಮೌಂಟ್ ಆಯ್ಕೆಗಳಲ್ಲಿ (ಹಂಚಿದ ಫೋಲ್ಡರನ್ನು ಜೋಡಿಸಿಕೊಳ್ಳುವಾಗ ಕೊಡುವ ಸೂಚನೆಗಳಲ್ಲಿ) ‘ಡೆವ್’ ಸೇರಿಸಿದ ಮೇಲೆ ‘ಅಂತಹ ಸಾಧನ ಅಥವಾ ವಿಳಾಸ ಇಲ್ಲ’ ಎಂದಿತು. ರೈತರಿಗೆ ದರದ ಎಸ್‌ಎಂಎಸ್ ಕಳಿಸಲೆಂದು ಕಳೆದ ವಾರ ಒಳಗಿನ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಮೋಡೆಮ್ ಹಾಕಿದೆವು. ಈಗ ಫೈಲ್ ತೆರೆಯುತ್ತದೆ, ಆದರೆ ತೂಕದ ಬದಲು ‘ರಿಂಗ್’ ಎಂಬ ಪದ ಬರುತ್ತದೆ. ತಪ್ಪು ಎಲ್ಲಿದೆ? ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಕೇಬಲ್ ಸರಿಯಾಗಿದೆ, ಎನ್‌ಎಫ್‌ಎಸ್ ಹಂಚಿಕೆಯೂ ಸರಿಯಾಗಿದೆ. ನಿಮಗೆ ಸಿಕ್ಕ ಮೂರು ಉತ್ತರಗಳೂ ಆಯಾ ಹೊತ್ತಿನ ಸತ್ಯವನ್ನೇ ಹೇಳಿವೆ. ‘ರಿಂಗ್’ ಬಂದದ್ದು ಹೇಗೆಂದರೆ, ಒಳಗಿನ ಕೋಣೆಯ ಮೋಡೆಮ್ಮಿನಲ್ಲಿರುವ ಸಿಮ್ಮಿಗೆ ಯಾರೋ ಕರೆ ಮಾಡಿದರು. ಕರೆ ಬಂದಾಗ ಮೋಡೆಮ್ ತನ್ನ ಪೋರ್ಟಿಗೆ ಆ ಪದವನ್ನು ಬರೆಯುತ್ತದೆ. ನಿಮ್ಮ ‘ತೂಕ’ ಫೈಲ್ ತೆರೆದುಕೊಂಡಿದ್ದು ಆ ಪೋರ್ಟನ್ನೇ. ಕಟ್ಟೆಯ ಮೇಲಿನ ಯಂತ್ರಕ್ಕೂ ಅದಕ್ಕೂ ಯಾವ ಸಂಪರ್ಕವೂ ಇರಲಿಲ್ಲ. ಈ ಒಂದು ಪದ ಬಾರದೇ ಹೋಗಿದ್ದರೆ ನೀವು ಇನ್ನೂ ಕೆಲವು ವಾರ ಕೇಬಲ್ ಬದಲಾಯಿಸುತ್ತ, ಅನುಮತಿಗಳನ್ನು ತಿದ್ದುತ್ತ ಕಳೆಯುತ್ತಿದ್ದಿರಿ ಎಂದು ನನಗನ್ನಿಸುತ್ತದೆ. ಹಾಗಾಗಿ ಅದನ್ನೇ ಹಿಡಿದು ಮುಂದೆ ಹೋಗೋಣ.

ಡಿವೈಸ್ ಫೈಲ್ ಎಂಬ ಹೆಸರಿನಲ್ಲಿ ‘ಫೈಲ್’ ಇದೆಯಾದರೂ ಅದರೊಳಗೆ ಒಂದು ಬೈಟ್ ಕೂಡ ಇರುವುದಿಲ್ಲ. ಸಾಮಾನ್ಯ ಫೈಲಿನ ಐನೋಡ್, ಅಂದರೆ ಅದರ ವಿವರಗಳ ದಾಖಲೆ, ತನ್ನ ದತ್ತಾಂಶ ಡಿಸ್ಕಿನಲ್ಲಿ ಎಲ್ಲಿದೆ ಎಂದು ತೋರಿಸುತ್ತದೆ. ಡಿವೈಸ್ ಫೈಲಿನ ಐನೋಡಿನಲ್ಲಿ ಅದರ ಬದಲು ಮೂರು ಸಂಗತಿಗಳಿರುತ್ತವೆ: ಇದು ಅಕ್ಷರಗಳ ಹರಿವಿನ ಸಾಧನವೋ (ಡಿಸ್ಕಿನಂಥ) ಬ್ಲಾಕ್ ಸಾಧನವೋ ಎಂಬ ಗುರುತು, ಒಂದು ಮೇಜರ್ ಸಂಖ್ಯೆ, ಒಂದು ಮೈನರ್ ಸಂಖ್ಯೆ. ಮೇಜರ್ ಸಂಖ್ಯೆ ಯಾವ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಎಂದು ಹೇಳುತ್ತದೆ, ಮೈನರ್ ಸಂಖ್ಯೆ ಆ ಡ್ರೈವರಿನ ಕೈಕೆಳಗಿನ ಎಷ್ಟನೆಯ ಸಾಧನ ಎಂದು ಹೇಳುತ್ತದೆ. ಲಿನಕ್ಸಿನಲ್ಲಿ 188 ಎಂದರೆ ಯುಎಸ್‌ಬಿ ಸೀರಿಯಲ್ ಡ್ರೈವರುಗಳ ಗುಂಪು, 0 ಎಂದರೆ ಅದರಲ್ಲಿ ಮೊದಲನೆಯದು. ಏನನ್ನು ಬರೆದರೂ ನುಂಗಿಬಿಡುವ ‘ನಲ್’ ಸಾಧನಕ್ಕೆ 1 ಮತ್ತು 3. ಮೊದಲ ಸ್ಕಸಿ ಅಥವಾ ಸಾಟಾ ಡಿಸ್ಕಿಗೆ 8 ಮತ್ತು 0. ಫೈಲಿನ ಹೆಸರನ್ನು ‘ತೂಕ’ ಎಂದು ಇಟ್ಟರೂ ‘ಗಾಳಿ’ ಎಂದು ಇಟ್ಟರೂ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಅದರಿಂದ ಏನೂ ಆಗಬೇಕಿಲ್ಲ. ಅದು ನೋಡುವುದು ಈ ಸಂಖ್ಯೆಗಳನ್ನು ಮಾತ್ರ.

ನಿಮ್ಮ ಮಾರುಕಟ್ಟೆಯ ಲಾಟ್ ಚೀಟಿಯನ್ನೇ ನೆನಪಿಸಿಕೊಳ್ಳಿ. ಅಂಗಡಿ ಸಂಖ್ಯೆ, ಲಾಟ್ ಸಂಖ್ಯೆ ಎರಡನ್ನೂ ಬರೆದ ಚೀಟಿ ರಾಶಿಯ ಮೇಲೆ ಇರುತ್ತದೆ. ಚೀಟಿಯಲ್ಲಿ ಮೆಣಸಿನಕಾಯಿ ಇಲ್ಲ. ಮೆಣಸಿನಕಾಯಿ ಎಲ್ಲಿದೆ ಎಂಬ ಗುರುತು ಇದೆ. ಆ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೋಗಿ ಅಲ್ಲಿಯ ಹಮಾಲರ ಕೈಗೆ ಕೊಟ್ಟರೆ, ಅವರು ಅಲ್ಲಿಯ ಅದೇ ಸಂಖ್ಯೆಯ ಅಂಗಡಿಗೆ ಹೋಗಿ ಅದೇ ಸಂಖ್ಯೆಯ ಲಾಟ್ ಹುಡುಕುತ್ತಾರೆ. ಅಂತಹ ಅಂಗಡಿ ಇಲ್ಲದಿದ್ದರೆ ಬರಿಗೈಯಲ್ಲಿ ಬರುತ್ತಾರೆ. ಇದ್ದರೆ ಬೇರೆ ಯಾರದೋ ಚೀಲ ಹೊತ್ತು ತರುತ್ತಾರೆ. ನಿಮಗಾದದ್ದು ಇದೇ. ಎನ್‌ಎಫ್‌ಎಸ್ ನಿಮ್ಮ ಚೀಟಿಯನ್ನು ಒಂದಕ್ಷರ ಬದಲಾಗದಂತೆ ಒಳಗಿನ ಕಂಪ್ಯೂಟರಿಗೆ ತಲುಪಿಸಿತು. ಅಲ್ಲಿಯ ಕರ್ನಲ್ ‘188, 0’ ಎಂದು ಓದಿ ತನ್ನದೇ ಅಂಗಳದಲ್ಲಿ ಹುಡುಕಿತು. ಮೊದಲು ಆ ಅಂಗಳದಲ್ಲಿ ಯುಎಸ್‌ಬಿ ಸೀರಿಯಲ್ ಸಾಧನವೇ ಇರಲಿಲ್ಲ, ‘ಇಲ್ಲ’ ಎಂದಿತು. ಮೋಡೆಮ್ ಬಂದ ಮೇಲೆ ಅಲ್ಲಿಯ ಮೊದಲ ಯುಎಸ್‌ಬಿ ಸೀರಿಯಲ್ ಸಾಧನ ಅದೇ ಆಯಿತು; ಅದನ್ನೇ ಕೊಟ್ಟಿತು.

ಅದಕ್ಕೂ ಮುಂಚಿನ ‘ಅನುಮತಿ ಇಲ್ಲ’ ಎಂಬ ಉತ್ತರದ ಕಾರಣ ಬೇರೆ. ಬಹುಶಃ ನಿಮ್ಮ ಮೌಂಟ್ ಪಟ್ಟಿಯಲ್ಲಿ ‘ಯೂಸರ್’ ಎಂಬ ಆಯ್ಕೆ ಇದೆ. ಸಾಮಾನ್ಯ ಬಳಕೆದಾರರೂ ಮೌಂಟ್ ಮಾಡಬಹುದು ಎಂದು ಹೇಳುವ ಆ ಆಯ್ಕೆ ತನ್ನ ಜೊತೆಗೆ ‘ನೋಡೆವ್’ ಎಂಬ ನಿರ್ಬಂಧವನ್ನೂ ತರುತ್ತದೆ. ಆ ಮೌಂಟಿನಲ್ಲಿರುವ ಯಾವ ಡಿವೈಸ್ ಫೈಲನ್ನೂ ಸಾಧನವೆಂದು ತೆರೆಯಬೇಡ ಎಂಬುದು ಅದರ ಅರ್ಥ. ನೀವು ‘ಡೆವ್’ ಸೇರಿಸಿ ಆ ಬೀಗವನ್ನು ತೆಗೆದಿರಿ. ಆ ಬೀಗದ ವಿಷಯಕ್ಕೆ ಮತ್ತೆ ಬರುತ್ತೇನೆ, ಅದು ತೆರೆದೇ ಇರುವುದು ನನಗೆ ಸಮಾಧಾನ ಕೊಡುತ್ತಿಲ್ಲ.

ಡಿವೈಸ್ ಫೈಲುಗಳಿರುವ ಇಡೀ ‘ಡೆವ್’ ಫೋಲ್ಡರನ್ನೇ ಹಂಚಿಬಿಟ್ಟರೆ ಆದೀತೇ ಎಂದು ನಿಮಗೆ ಅನ್ನಿಸಬಹುದು. ಆಗುವುದಿಲ್ಲ. ಈಗಿನ ಲಿನಕ್ಸಿನಲ್ಲಿ ‘ಡೆವ್’ ಫೋಲ್ಡರ್ ಡಿಸ್ಕಿನ ಮೇಲೆ ಇರುವುದೇ ಇಲ್ಲ. ಡೆವ್‌ಟಿಎಂಪಿಎಫ್‌ಎಸ್ ಎಂಬ ಹೆಸರಿನಲ್ಲಿ ಕರ್ನಲ್ ಅದನ್ನು ಸ್ಮೃತಿಯಲ್ಲಿ ಕಟ್ಟಿಕೊಳ್ಳುತ್ತದೆ. 2009ರ ಡಿಸೆಂಬರಿನಲ್ಲಿ ಬಂದ 2.6.32ನೆಯ ಕರ್ನಲ್‌ನಿಂದ ಈ ಏರ್ಪಾಡು ಇದೆ. ಅದನ್ನು ಹೇಗೋ ಹಂಚಿದರೂ ಹೋಗುವುದು ಅದೇ ಸಂಖ್ಯೆಗಳ ಚೀಟಿಗಳ ಕಟ್ಟು.

ಇದನ್ನು ಎನ್‌ಎಫ್‌ಎಸ್‌ನ ಕೊರತೆ ಎಂದು ಕರೆಯುವವರನ್ನು ನಾನು ಬಹಳ ಸಲ ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ನಡುವಿನಲ್ಲಿ ಇದನ್ನು ರೂಪಿಸಿದಾಗ ಅವರ ಕಣ್ಣೆದುರು ಇದ್ದದ್ದು ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳು. ಅವುಗಳ ಇಡೀ ಫೈಲ್ ವ್ಯವಸ್ಥೆ, ಡಿವೈಸ್ ಫೈಲುಗಳೂ ಸೇರಿ, ದೂರದ ಸರ್ವರಿನ ಡಿಸ್ಕಿನಲ್ಲಿ ಇರುತ್ತಿತ್ತು. ಆ ಯಂತ್ರ ತನ್ನ ಪರದೆಯನ್ನು ತೆರೆದರೆ ತನ್ನ ಪರದೆಯೇ ಸಿಗಬೇಕು, ತನ್ನ ಕೀಲಿಮಣೆಯನ್ನು ತೆರೆದರೆ ತನ್ನದೇ ಸಿಗಬೇಕು. ಸರ್ವರಿನದು ಸಿಕ್ಕರೆ ಹತ್ತು ಜನರ ಬೆರಳುಗಳು ಒಂದೇ ಕೀಲಿಮಣೆಯ ಮೇಲೆ ಬಿದ್ದ ಹಾಗೆ ಆಗುತ್ತಿತ್ತು. ಹೀಗಾಗಿ ಚೀಟಿಯನ್ನು ಓದುವ ಹಕ್ಕು ತೆರೆದವನ ಕರ್ನಲ್‌ಗೆ ಸೇರಿತು. ನಿಮಗೆ ಇಂದು ತೊಡಕಾಗಿರುವ ನಡವಳಿಕೆ ಅವರಿಗೆ ಬೇಕೇ ಬೇಕಾಗಿದ್ದ ನಡವಳಿಕೆ.

ಇನ್ನೂ ಆಳದ ಕಾರಣವೊಂದಿದೆ, ಅದು ಗೊತ್ತಾದರೆ ಮುಂದೆ ಹಲವು ಕಡೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಎನ್‌ಎಫ್‌ಎಸ್‌ನಲ್ಲಿ ಓದುವ ಕೋರಿಕೆ ಎಂದರೆ ‘ಈ ಫೈಲಿನ ಇಂತಿಷ್ಟನೆಯ ಬೈಟಿನಿಂದ ಇಂತಿಷ್ಟು ಬೈಟ್ ಕೊಡು’ ಎಂಬುದು. ಉತ್ತರ ದಾರಿಯಲ್ಲಿ ಕಳೆದುಹೋದರೆ ಕ್ಲೈಂಟ್ (ಹಂಚಿಕೆಯನ್ನು ಬಳಸುವ ಕಂಪ್ಯೂಟರ್) ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ, ಅದೇ ಉತ್ತರ ಮತ್ತೆ ಬರುತ್ತದೆ. ಸರ್ವರ್ ನಡುವೆ ಬಿದ್ದು ಎದ್ದರೂ ಕೆಲಸ ಕೆಡುವುದಿಲ್ಲ. ಆ ವ್ಯವಸ್ಥೆಯ ಗಟ್ಟಿತನವೆಲ್ಲ ಇರುವುದು ಹೀಗೆ ಮತ್ತೆ ಮತ್ತೆ ಕೇಳಬಹುದಾದ ಗುಣದಲ್ಲಿ. ತೂಕದ ಯಂತ್ರದ ಹರಿವಿಗೆ ಈ ಗುಣ ಇಲ್ಲ. ಅಲ್ಲಿ ‘ನೂರನೆಯ ಬೈಟ್’ ಎಂಬುದೇ ಇಲ್ಲ. ಒಮ್ಮೆ ಓದಿದ ಬೈಟ್ ಪೋರ್ಟಿನಿಂದ ಹೋಗಿಬಿಟ್ಟಿತು. ಉತ್ತರ ದಾರಿಯಲ್ಲಿ ಕಳೆದರೆ ಆ ತೂಕವೂ ಕಳೆಯಿತು. 1995ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯ ನಿಯಮದಲ್ಲಿ ಓದುವ ಕೋರಿಕೆ ಸಾಮಾನ್ಯ ಫೈಲಿಗೆ ಮಾತ್ರ ಎಂದು ಬರೆದಿದ್ದಾರೆ. ಡಿವೈಸ್ ಫೈಲನ್ನು ಸೃಷ್ಟಿಸಲು ಅದೇ ಆವೃತ್ತಿಯಲ್ಲಿ ಪ್ರತ್ಯೇಕ ಕೋರಿಕೆ ಇದೆ, ಮೇಜರ್ ಮತ್ತು ಮೈನರ್ ಸಂಖ್ಯೆಗಳನ್ನು ಸಾಗಿಸಲು ಜಾಗವೂ ಇದೆ. ಅಂದರೆ ಚೀಟಿ ಬರೆಯಬಹುದು, ಚೀಟಿ ತೋರಿಸಬಹುದು. ಚೀಲ ಎತ್ತುವ ಕೆಲಸ ಆ ನಿಯಮದಲ್ಲಿಯೇ ಇಲ್ಲ.

ಸಾಧನಗಳಿಗೆ ಓದು, ಬರೆ ಎಂಬುದರಾಚೆ ‘ಐಆಕ್ಟಲ್’ ಎಂಬ ಇನ್ನೊಂದು ಬಾಗಿಲೂ ಇದೆ. ಸೀರಿಯಲ್ ಪೋರ್ಟಿನ ವೇಗ 9600 ಆಗಿರಲಿ ಎಂದು ಹೇಳುವುದು ಆ ಬಾಗಿಲಿನಿಂದಲೇ. ಒಂದೊಂದು ಡ್ರೈವರಿನದು ಒಂದೊಂದು ಭಾಷೆ, ಒಂದೊಂದು ಅಳತೆಯ ಮಾಹಿತಿ. ಅದನ್ನು ಎಲ್ಲ ಬಗೆಯ ಯಂತ್ರಗಳಿಗೂ ಅರ್ಥವಾಗುವಂತೆ ಜಾಲದ ಮೇಲೆ ಸಾಗಿಸುವುದು ಬಹಳ ಕಷ್ಟ. ಈ ಕಷ್ಟವನ್ನು ಎದುರಿಸಿದವರೂ ಇದ್ದಾರೆ. ಎಟಿ ಅಂಡ್ ಟಿ ಕಂಪನಿಯ ಸಿಸ್ಟಮ್ ಫೈವ್ ಯುನಿಕ್ಸಿನ ಮೂರನೆಯ ಬಿಡುಗಡೆಯಲ್ಲಿ ಆರ್‌ಎಫ್‌ಎಸ್ ಎಂಬ ಹಂಚಿಕೆ ಇತ್ತು. ಅದರಲ್ಲಿ ದೂರದ ಡಿವೈಸ್ ಫೈಲ್ ತೆರೆದರೆ ದೂರದ ಸಾಧನವೇ ಸಿಗುತ್ತಿತ್ತು, ನೀವು ಬಯಸಿದ ಹಾಗೆಯೇ. ಅದು ಉಳಿಯಲಿಲ್ಲ. ಬೆಲ್ ಲ್ಯಾಬ್ಸಿನ ಪ್ಲಾನ್ ನೈನ್ ವ್ಯವಸ್ಥೆ ಐಆಕ್ಟಲ್ ಬಾಗಿಲನ್ನೇ ತೆಗೆದುಹಾಕಿತು. ಪ್ರತಿ ಸೀರಿಯಲ್ ಪೋರ್ಟಿನ ಪಕ್ಕ ಒಂದು ನಿಯಂತ್ರಣ ಫೈಲ್ ಇಟ್ಟು, ‘ಬಿ9600’ ಎಂದು ಅದರಲ್ಲಿ ಸರಳ ಅಕ್ಷರಗಳಲ್ಲಿ ಬರೆದರೆ ವೇಗ ಬದಲಾಗುವಂತೆ ಮಾಡಿತು. ಅಕ್ಷರಗಳು ಯಾವ ಜಾಲದ ಮೇಲಾದರೂ ಹೋಗುತ್ತವೆ. ಆದ್ದರಿಂದ ಅಲ್ಲಿ ದೂರದ ಯಂತ್ರದ ಸಾಧನಗಳನ್ನು ತನ್ನವೆಂಬಂತೆ ಬಳಸಬಹುದಿತ್ತು. ಯುನಿಕ್ಸ್ ಪರಂಪರೆಯಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಯೋಚನೆ ಇದು. ಆದರೆ ನಿಮ್ಮ ಅಂಗಡಿಯಲ್ಲಿರುವುದು ಲಿನಕ್ಸ್ ಮತ್ತು ಎನ್‌ಎಫ್‌ಎಸ್. ಅದರೊಳಗೇ ದಾರಿ ಹುಡುಕಬೇಕು.

ದಾರಿ ಹೇಳುವ ಮುಂಚೆ ಆ ಬೀಗದ ಮಾತು. ಹಂಚಿದ ಫೋಲ್ಡರಿನಲ್ಲಿ ಯಾರಾದರೂ 8 ಮತ್ತು 0 ಸಂಖ್ಯೆಯ ಬ್ಲಾಕ್ ಡಿವೈಸ್ ಫೈಲ್ ಮಾಡಿ, ಎಲ್ಲರೂ ಓದಿ ಬರೆಯಬಹುದು ಎಂಬ ಅನುಮತಿ ಕೊಟ್ಟರು ಎಂದುಕೊಳ್ಳಿ. ‘ಡೆವ್’ ಆಯ್ಕೆಯೊಂದಿಗೆ ಅದನ್ನು ಮೌಂಟ್ ಮಾಡಿದ ಒಳಗಿನ ಕಂಪ್ಯೂಟರಿನಲ್ಲಿ ಕುಳಿತ ಯಾವ ಸಾಮಾನ್ಯ ಬಳಕೆದಾರನಾದರೂ ಆ ಫೈಲ್ ತೆರೆದು, ಆ ಕಂಪ್ಯೂಟರಿನ ಇಡೀ ಡಿಸ್ಕನ್ನು ಕಚ್ಚಾ ರೂಪದಲ್ಲಿ ಓದಬಹುದು, ಅಳಿಸಲೂಬಹುದು. ಗಮನಿಸಿ: ಅನುಮತಿ ಇದೆಯೇ ಎಂದು ಕೇಳುವುದು ಸರ್ವರನ್ನು, ತೆರೆದುಕೊಳ್ಳುವುದು ಕ್ಲೈಂಟಿನ ಡಿಸ್ಕ್. ಅಪಾಯ ಇರುವುದು ಈ ಎರಡರ ನಡುವಿನ ಬಿರುಕಿನಲ್ಲಿಯೇ. ಓದಲು ಮಾತ್ರ ಎಂದು ಮೌಂಟ್ ಮಾಡಿದ್ದೇವೆ, ಭಯವಿಲ್ಲ ಎಂದು ನೆಮ್ಮದಿಯಾಗಿ ಇರುವಂತೆಯೂ ಇಲ್ಲ. ಆ ನಿರ್ಬಂಧ ತಡೆಯುವುದು ಸಾಮಾನ್ಯ ಫೈಲುಗಳಿಗೆ ಮತ್ತು ಫೋಲ್ಡರುಗಳಿಗೆ ಬರೆಯುವುದನ್ನು. ಸಾಧನಕ್ಕೆ ಬರೆದರೆ ಫೈಲ್ ವ್ಯವಸ್ಥೆ ಬದಲಾಗುವುದಿಲ್ಲವಾದ್ದರಿಂದ ಅದು ಹಾಗೆಯೇ ಹಾದುಹೋಗುತ್ತದೆ.

ಸರ್ವರಿನ ಕಡೆ ‘ರೂಟ್ ಸ್ಕ್ವಾಷ್’ ಎಂಬ ಇನ್ನೊಂದು ಕಾವಲು ಇದೆ. ಕ್ಲೈಂಟಿನ ಮುಖ್ಯ ಬಳಕೆದಾರ, ಅಂದರೆ ‘ರೂಟ್’, ಹಂಚಿಕೆಯೊಳಗೆ ಬಂದಾಗ ಅವನನ್ನು ಅನಾಮಿಕನನ್ನಾಗಿ ಮಾಡುವುದು ಅದರ ಕೆಲಸ. ಹಾಗಾಗಿ ಕ್ಲೈಂಟಿನಿಂದ ಡಿವೈಸ್ ಫೈಲ್ ಸೃಷ್ಟಿಸಲು ಆಗುವುದಿಲ್ಲ. ಆದರೆ 2.6.28.9ಕ್ಕೆ ಮುಂಚಿನ ಲಿನಕ್ಸ್ ಕರ್ನಲ್‌ಗಳಲ್ಲಿ ಈ ಕಾವಲು ಇದ್ದರೂ ಸಾಮಾನ್ಯ ಬಳಕೆದಾರರು ಡಿವೈಸ್ ಫೈಲ್ ಮಾಡಿಬಿಡಬಹುದಾದ ದೋಷ 2009ರಲ್ಲಿ ಬೆಳಕಿಗೆ ಬಂತು. ಒಂದು ಕಾವಲು ಸೋತಾಗ ಇನ್ನೊಂದು ಇರಬೇಕು. ಎನ್‌ಎಫ್‌ಎಸ್ ಮೌಂಟುಗಳಿಗೆ ‘ನೋಡೆವ್’ ಹಾಕಿ ಎಂದು ನಾನು ಯಾವಾಗಲೂ ಹೇಳುವುದು ಅದಕ್ಕಾಗಿ. ಬಿಡಬೇಕಾದದ್ದು ಡಿಸ್ಕ್ ಇಲ್ಲದ ಯಂತ್ರಗಳ ಮೂಲ ಫೈಲ್ ವ್ಯವಸ್ಥೆಗೆ ಮಾತ್ರ. ಡೆವ್‌ಟಿಎಂಪಿಎಫ್‌ಎಸ್ ಬಂದ ಮೇಲೆ ಅಲ್ಲಿಯೂ ಅಗತ್ಯ ಬಹಳ ಕಡಿಮೆ.

ಅಂತಹ ಯಂತ್ರಗಳ ನಡುವೆ ನಾನೂ ಕೆಲಸ ಕಲಿತವನು. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಡಿಸ್ಕ್ ಇಲ್ಲದ ಇಪ್ಪತ್ತು ಕಂಪ್ಯೂಟರುಗಳಿದ್ದವು, ಎಲ್ಲವೂ ಒಂದೇ ಸರ್ವರಿನ ಒಂದೇ ಫೋಲ್ಡರಿನಿಂದ ಏಳುತ್ತಿದ್ದವು. ಡೆವ್‌ಟಿಎಂಪಿಎಫ್‌ಎಸ್ ಇನ್ನೂ ಬಂದಿರಲಿಲ್ಲ; ಡಿವೈಸ್ ಫೈಲುಗಳೂ ಆ ಹಂಚಿಕೆಯಲ್ಲಿಯೇ ಇದ್ದವು. ಒಂದು ದಿನ ಮಧ್ಯಾಹ್ನದಿಂದ ಎಲ್ಲ ಯಂತ್ರಗಳೂ ನಿಧಾನವಾದವು, ಸಂಜೆಗೆ ಸರ್ವರಿನ ಡಿಸ್ಕ್ ತುಂಬಿ ನಿಂತಿತು. ಹುಡುಕಿದರೆ, ರೂಟ್ ಅಧಿಕಾರದಲ್ಲಿ ಓಡಿದ ಒಂದು ಸಣ್ಣ ಸ್ಕ್ರಿಪ್ಟ್ ‘ನಲ್’ ಡಿವೈಸ್ ಫೈಲನ್ನು ಅಳಿಸಿಬಿಟ್ಟಿತ್ತು. ಅನಂತರ ಅದಕ್ಕೆ ಬರೆಯಲು ಹೋದ ಮೊದಲ ಪ್ರೋಗ್ರಾಮ್ ಅದೇ ಹೆಸರಿನ ಸಾಮಾನ್ಯ ಫೈಲ್ ಸೃಷ್ಟಿಸಿತು. ಅಲ್ಲಿಯವರೆಗೆ ಪ್ರತಿ ಯಂತ್ರದ ಕಸ ಆಯಾ ಯಂತ್ರದ ಕರ್ನಲ್‌ನಲ್ಲಿಯೇ ಮಾಯವಾಗುತ್ತಿತ್ತು. ಅಂದಿನಿಂದ ಇಪ್ಪತ್ತು ಯಂತ್ರಗಳ ಕಸವೂ ಜಾಲದ ಮೇಲೆ ಹರಿದು ಸರ್ವರಿಗೆ ಬಂದು ಬೀಳತೊಡಗಿತು. ಒಂದೇ ಹೆಸರು, ಒಂದೇ ಜಾಗ. ಚೀಟಿ ಇದ್ದಾಗ ಜಾಲದ ಮೇಲೆ ಒಂದು ಬೈಟ್ ಕೂಡ ಹೋಗುತ್ತಿರಲಿಲ್ಲ, ಫೈಲ್ ಆದ ಕೂಡಲೇ ಎಲ್ಲವೂ ಹೋಗತೊಡಗಿತು. ಡಿವೈಸ್ ಫೈಲ್ ಎಂದರೇನು ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಅಂದು ಸಂಜೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಚೀಟಿಯನ್ನು ಕಳಿಸುವುದು ಬೇಡ, ಚೀಲವನ್ನೇ ಕಳಿಸೋಣ. ಅಂದರೆ ಸೀರಿಯಲ್ ಪೋರ್ಟಿಗೆ ಬರುವ ಅಕ್ಷರಗಳ ಹರಿವನ್ನು ಟಿಸಿಪಿ ಸಂಪರ್ಕದ ಮೂಲಕ ಒಳಗಿನ ಕೋಣೆಗೆ ಸಾಗಿಸೋಣ. ಇದಕ್ಕೆ ‘ಸರ್‌ಟುನೆಟ್’ ಎಂಬ ಮುಕ್ತ ತಂತ್ರಾಂಶವಿದೆ, ಹೆಚ್ಚಿನ ಲಿನಕ್ಸ್ ಭಂಡಾರಗಳಲ್ಲಿ ಸಿಗುತ್ತದೆ. ಕಟ್ಟೆಯ ಕಂಪ್ಯೂಟರಿನಲ್ಲಿ ಅದು ಪೋರ್ಟನ್ನು ತೆರೆದು, ವೇಗ ಮತ್ತು ಬಿಟ್‌ಗಳನ್ನು ಅಲ್ಲಿಯೇ ಹೊಂದಿಸಿಕೊಂಡು, ನೀವು ಹೇಳಿದ ಟಿಸಿಪಿ ಸಂಖ್ಯೆಯಲ್ಲಿ ಕಾಯುತ್ತದೆ. 3001 ಎಂದು ಇಟ್ಟುಕೊಳ್ಳಿ. ಪಟ್ಟಿ ಬರೆಯುವ ನಿಮ್ಮ ತಂತ್ರಾಂಶಕ್ಕೆ ಟಿಸಿಪಿ ವಿಳಾಸದಿಂದ ನೇರವಾಗಿ ಓದಲು ಬಂದರೆ ಅಲ್ಲಿಗೆ ಮುಗಿಯಿತು. ಅದು ಸೀರಿಯಲ್ ಪೋರ್ಟನ್ನೇ ಕೇಳುತ್ತದೆ ಎಂದಾದರೆ ಒಳಗಿನ ಕಂಪ್ಯೂಟರಿನಲ್ಲಿ ‘ಸೋಕ್ಯಾಟ್’ ಓಡಿಸಿ. ಅದು ಒಂದು ಹುಸಿ ಟರ್ಮಿನಲ್ ಸೃಷ್ಟಿಸಿ, ಅದಕ್ಕೆ ನೀವು ಬಯಸಿದ ಹೆಸರಿನ ಕೊಂಡಿ ಕೊಟ್ಟು, ಇನ್ನೊಂದು ತುದಿಯನ್ನು 3001ಕ್ಕೆ ಸೇರಿಸುತ್ತದೆ. ತಂತ್ರಾಂಶಕ್ಕೆ ಸೀರಿಯಲ್ ಪೋರ್ಟ್ ಸಿಕ್ಕ ಹಾಗೆಯೇ ಕಾಣುತ್ತದೆ. ಆ ಹುಸಿ ಟರ್ಮಿನಲ್ಲಿನಲ್ಲಿ ವೇಗ ಬದಲಾಯಿಸಿದರೆ ಅದು ನಿಜವಾದ ಪೋರ್ಟಿಗೆ ತಲುಪುವುದಿಲ್ಲ, ಅಷ್ಟೇ. ತೂಕದ ಯಂತ್ರದ ವೇಗ ಒಮ್ಮೆ ನಿಗದಿಯಾದ ಮೇಲೆ ಬದಲಾಗುವುದಿಲ್ಲವಾದ್ದರಿಂದ ನಿಮಗೆ ಅದರಿಂದ ತೊಂದರೆಯಿಲ್ಲ. ಸಂಪರ್ಕ ಕಡಿದಾಗ ಸೋಕ್ಯಾಟ್ ಮುಗಿದುಹೋಗುತ್ತದೆ. ಅದನ್ನು ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ ಇಟ್ಟು, ಮುಗಿದ ಕೂಡಲೇ ಮತ್ತೆ ಆರಂಭವಾಗುವಂತೆ ಮಾಡಿ.

ಇಷ್ಟು ಮಾಡಿದರೆ ಪರದೆಯ ಮೇಲೆ ತೂಕ ಬರುತ್ತದೆ. ಆದರೆ ಅಲ್ಲಿಗೆ ನಿಲ್ಲಬೇಡಿ. ಈ ಅಂಕಿ ಒಬ್ಬ ರೈತನ ವರ್ಷದ ದುಡಿಮೆಯ ಅಂಕಿ. ಕಟ್ಟೆಯ ಮುಂದೆ ನಿಂತು ಅವನು ಕಣ್ಣಾರೆ ಕಂಡ ತೂಕವೂ ಪಟ್ಟಿಯಲ್ಲಿ ಬಿದ್ದ ತೂಕವೂ ಒಂದೇ ಆಗಿರಬೇಕು. ಮುಂದೆ ಹೇಳುವ ಸಂಗತಿಗಳನ್ನು ನಿಮ್ಮ ತಂತ್ರಾಂಶ ಬರೆದವರ ಮುಂದೆ ಕುಳಿತು ಓದಿ ಹೇಳಿ.

ಹರಿವಿಗೆ ನಡುವಿನಲ್ಲಿ ಸೇರಿಕೊಂಡಾಗ ಮೊದಲ ಸಾಲು ಅರ್ಧವೇ ಸಿಗುತ್ತದೆ. ಯಂತ್ರ 52.40 ಎಂದು ಕಳಿಸುತ್ತಿದ್ದಾಗ ನೀವು ಎರಡನೆಯ ಅಂಕಿಯ ಹೊತ್ತಿಗೆ ಸೇರಿದರೆ 2.40 ಎಂದು ಓದುತ್ತೀರಿ, ಅದು ನೋಡಲು ಸರಿಯಾದ ತೂಕದಂತೆಯೇ ಇರುತ್ತದೆ. ಆದ್ದರಿಂದ ಸಂಪರ್ಕ ಆದ ಮೇಲೆ ಮೊದಲ ಸಾಲು ಕೊನೆಯಾಗುವವರೆಗೆ ಬಂದದ್ದನ್ನೆಲ್ಲ ಚೆಲ್ಲಿಬಿಡಬೇಕು. ಹಲವು ಯಂತ್ರಗಳು ಪ್ರತಿ ಸಾಲಿನ ಆರಂಭದಲ್ಲಿ ತೂಕ ನಿಂತಿದೆಯೋ ಇನ್ನೂ ಅಲುಗುತ್ತಿದೆಯೋ ಎಂಬ ಗುರುತನ್ನೂ ಕಳಿಸುತ್ತವೆ, ‘ಎಸ್‌ಟಿ’ ಎಂದರೆ ನಿಂತಿದೆ, ‘ಯುಎಸ್’ ಎಂದರೆ ನಿಂತಿಲ್ಲ. ನಿಮ್ಮ ಯಂತ್ರದ ಕೈಪಿಡಿ ತೆಗೆದು ನೋಡಿ. ಹಮಾಲರು ಚೀಲ ಇಡುವಾಗಿನ ಒದೆತಕ್ಕೆ ಏರಿದ ಅಂಕಿ ಪಟ್ಟಿಗೆ ಹೋಗಬಾರದು, ಚೀಲ ಎತ್ತುವಾಗ ಇಳಿದ ಅಂಕಿಯೂ ಹೋಗಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಹಳೆಯ ತೂಕ. ಕಟ್ಟೆಯ ಕಂಪ್ಯೂಟರಿನ ಕರೆಂಟ್ ಹೋಯಿತು ಎಂದುಕೊಳ್ಳಿ. ಟಿಸಿಪಿ ಸಂಪರ್ಕಕ್ಕೆ ಅದು ತಕ್ಷಣ ತಿಳಿಯುವುದಿಲ್ಲ. ಇನ್ನೊಂದು ತುದಿ ಸುಮ್ಮನಿದೆ ಎಂದೇ ಒಳಗಿನ ಕಂಪ್ಯೂಟರ್ ಕಾಯುತ್ತ ಕೂರುತ್ತದೆ. ಪರದೆಯ ಮೇಲೆ ಹಿಂದಿನ ಚೀಲದ ತೂಕ ಹಾಗೆಯೇ ನಿಂತಿರುತ್ತದೆ, ಗುಮಾಸ್ತರು ಮುಂದಿನ ರೈತನ ಹೆಸರಿನ ಮುಂದೆ ಅದನ್ನೇ ಒತ್ತಿಬಿಡುತ್ತಾರೆ. ಯಂತ್ರವನ್ನು ನಿರಂತರವಾಗಿ ಕಳಿಸುವ ಕ್ರಮದಲ್ಲಿ ಇಟ್ಟರೆ ಸೆಕೆಂಡಿಗೆ ಹಲವು ಸಾಲು ಬರುತ್ತವೆ. ಎರಡು ಸೆಕೆಂಡ್ ಏನೂ ಬಾರದಿದ್ದರೆ ಪರದೆಯಲ್ಲಿ ಅಂಕಿ ಅಳಿಸಿ ಖಾಲಿ ತೋರಿಸಬೇಕು. ಖಾಲಿ ಪರದೆಯಿಂದ ಯಾರಿಗೂ ಮೋಸವಾಗುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಸುಲಭದ ದಾರಿಯನ್ನು ನಾನು ನಿಮಗೆ ಸೂಚಿಸುವುದಿಲ್ಲ. ಕಟ್ಟೆಯ ಕಂಪ್ಯೂಟರ್ ತೂಕವನ್ನು ಒಂದು ಸಾಮಾನ್ಯ ಫೈಲಿಗೆ ಬರೆಯಲಿ, ಒಳಗಿನದು ಅದನ್ನು ಎನ್‌ಎಫ್‌ಎಸ್ ಮೂಲಕ ಓದಲಿ ಎಂದು ಹಲವರು ಹೇಳುತ್ತಾರೆ. ಸಾಮಾನ್ಯ ಫೈಲ್ ಆದ್ದರಿಂದ ಅದು ಜಾಲದ ಮೇಲೆ ಹೋಗುತ್ತದೆ, ನಿಜ. ಆದರೆ ಲಿನಕ್ಸಿನ ಎನ್‌ಎಫ್‌ಎಸ್ ಕ್ಲೈಂಟ್ ಫೈಲಿನ ಗುಣಲಕ್ಷಣಗಳನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಕನಿಷ್ಠ 3 ಸೆಕೆಂಡ್, ಫೈಲ್ ಬದಲಾಗದೇ ಇದ್ದರೆ 60 ಸೆಕೆಂಡಿನವರೆಗೆ. ತೆರೆದಿಟ್ಟ ಫೈಲನ್ನೇ ಓದುತ್ತಿದ್ದರೆ ಅಷ್ಟು ಹೊತ್ತು ಹಳೆಯ ಅಂಕಿ ಕಾಣಬಹುದು. ಪ್ರತಿ ಸಲ ಮುಚ್ಚಿ ತೆರೆದರೆ ಹೊಸದು ಸಿಗುತ್ತದೆಯಾದರೂ, ಅದನ್ನು ಎಂದೂ ಮರೆಯದ ಪ್ರೋಗ್ರಾಮ್ ಬೇಕು. ದಿನದ ಕೊನೆಯಲ್ಲಿ ತೂಕದ ದಾಖಲೆಗಳನ್ನು ಸೇರಿಸಿಡಲು ಈ ಹಂಚಿಕೆ ಒಳ್ಳೆಯದು. ಅದನ್ನು ಹಾಗೆಯೇ ಉಳಿಸಿಕೊಳ್ಳಿ. ಕ್ಷಣದ ತೂಕಕ್ಕೆ ಬೇಡ.

ಸರ್‌ಟುನೆಟ್ ಓಡುತ್ತಿರುವಾಗ ಕಟ್ಟೆಯ ಕಂಪ್ಯೂಟರಿನಲ್ಲಿ ಬೇರೆ ಯಾವ ಪ್ರೋಗ್ರಾಮೂ ಆ ಪೋರ್ಟನ್ನು ತೆರೆಯಬಾರದು. ಇಬ್ಬರು ತೆರೆದರೆ ಬೈಟುಗಳು ಇಬ್ಬರಿಗೂ ಹಂಚಿಹೋಗುತ್ತವೆ, ಇಬ್ಬರಿಗೂ ಚೂರು ಚೂರು ಸಿಗುತ್ತದೆ. ಈ ಸಂಪರ್ಕಕ್ಕೆ ಗುಪ್ತಪದವೂ ಇಲ್ಲ. ಅಂಗಡಿಯ ವೈಫೈಗೆ ಸೇರಿದ ಯಾವ ಮೊಬೈಲಿನಿಂದಲಾದರೂ ಅದನ್ನು ತೆರೆಯಬಹುದು, ತೂಕದ ಯಂತ್ರಕ್ಕೆ ಆಜ್ಞೆಯನ್ನೂ ಕಳಿಸಬಹುದು. ಸೊನ್ನೆ ಮಾಡುವ ಆಜ್ಞೆಯನ್ನು ಸೀರಿಯಲ್ ಮೂಲಕ ಒಪ್ಪಿಕೊಳ್ಳುವ ಯಂತ್ರಗಳಿವೆ. ಆದ್ದರಿಂದ ಫೈರ್‌ವಾಲಿನಲ್ಲಿ ಒಳಗಿನ ಕಂಪ್ಯೂಟರಿನ ವಿಳಾಸವೊಂದಕ್ಕೆ ಮಾತ್ರ 3001ನ್ನು ಬಿಡಿ.

ಇನ್ನು ಆ ‘0’ ಎಂಬ ಸಂಖ್ಯೆ. ಅದು ಯಂತ್ರದ ಹೆಸರಲ್ಲ, ಸೇರಿದ ಸರದಿ. ನಾಳೆ ಕಟ್ಟೆಯ ಕಂಪ್ಯೂಟರಿಗೇ ಇನ್ನೊಂದು ಸೀರಿಯಲ್ ಕೇಬಲ್ ಹಾಕಿ, ಕರೆಂಟ್ ಹೋಗಿ ಬಂದರೆ, ತೂಕದ ಯಂತ್ರ 1 ಆಗಿಬಿಡಬಹುದು. ‘ಡೆವ್’ ಫೋಲ್ಡರಿನೊಳಗಿನ ‘ಸೀರಿಯಲ್’ ಫೋಲ್ಡರಿನಲ್ಲಿ ‘ಬೈ-ಐಡಿ’ ಎಂಬ ಜಾಗವಿದೆ. ಅಲ್ಲಿ ಪ್ರತಿ ಕೇಬಲಿಗೆ ಅದರ ತಯಾರಕರ ಹೆಸರು ಮತ್ತು ಕ್ರಮಸಂಖ್ಯೆಯಿಂದ ಕಟ್ಟಿದ ಸ್ಥಿರವಾದ ಹೆಸರು ಇರುತ್ತದೆ. ಸರ್‌ಟುನೆಟ್‌ಗೆ ಆ ಹೆಸರನ್ನೇ ಕೊಡಿ. ಅಗ್ಗದ ಕೇಬಲುಗಳಲ್ಲಿ ಹಲವಕ್ಕೆ ಕ್ರಮಸಂಖ್ಯೆಯೇ ಇರುವುದಿಲ್ಲ. ಅಂಥವಕ್ಕೆ ‘ಬೈ-ಪಾತ್’ ಬಳಸಿ, ಕೇಬಲನ್ನು ಯಾವಾಗಲೂ ಅದೇ ಯುಎಸ್‌ಬಿ ಕಿಂಡಿಗೆ ಹಾಕಿ, ಆ ಕಿಂಡಿಯ ಪಕ್ಕ ಬಣ್ಣದಿಂದ ಗುರುತು ಮಾಡಿ. ಎಸ್‌ಎಂಎಸ್ ಮೋಡೆಮ್ಮಿಗೂ ಇದನ್ನೇ ಮಾಡಿ.

ಬೇರೆ ಸಾಧನಗಳಿಗೂ ಇದೇ ತತ್ವ. ಪ್ರಿಂಟರಿಗೆ ಕಪ್ಸ್ ಇದೆ, ಸ್ಕ್ಯಾನರಿಗೆ ಸೇನ್ ಇದೆ, ಡಿಸ್ಕಿಗೆ ಐಸ್ಕಸಿ ಇದೆ. ಪ್ರತಿಯೊಂದೂ ಆ ಸಾಧನದ ಭಾಷೆಯನ್ನು ತಿಳಿದುಕೊಂಡು ಜಾಲದ ಮೇಲೆ ಮಾತನಾಡುತ್ತದೆ. ಭಾಷೆ ಗೊತ್ತಿಲ್ಲದ ಯುಎಸ್‌ಬಿ ಸಾಧನವನ್ನು ಇಡಿಯಾಗಿ ಸಾಗಿಸಲು ಯುಎಸ್‌ಬಿ-ಐಪಿ ಇದೆ. ತೂಕದ ಯಂತ್ರಕ್ಕೆ ಅದನ್ನು ಬಳಸಬೇಡಿ. ಹಾಗೆ ಸಾಗಿಸಿದ ಸಾಧನ ಕಟ್ಟೆಯ ಕಂಪ್ಯೂಟರಿಗೆ ಕಾಣುವುದೇ ನಿಲ್ಲುತ್ತದೆ, ಜಾಲದ ಸಂಪರ್ಕ ಕಡಿದರೆ ಕೇಬಲ್ ಕಿತ್ತ ಹಾಗೆ ಆಗುತ್ತದೆ.

ಎಲ್ಲ ಸಿದ್ಧವಾದ ಮೇಲೆ ಹಂಚಿಕೆಯ ಫೋಲ್ಡರಿನಿಂದ ‘ತೂಕ’ ಫೈಲನ್ನು ಅಳಿಸಿ. ಅಳಿಸಿದರೆ ಹೋಗುವುದು ಚೀಟಿ ಮಾತ್ರ, ಯಂತ್ರಕ್ಕೆ ಏನೂ ಆಗುವುದಿಲ್ಲ. ಮೌಂಟ್ ಆಯ್ಕೆಗಳಿಂದ ‘ಡೆವ್’ ತೆಗೆದು ‘ನೋಡೆವ್’ ಎಂದು ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಮಾರುಕಟ್ಟೆ ಇಲ್ಲದ ದಿನ ಒಂದು ಪರೀಕ್ಷೆ ಮಾಡಿ. ಮುದ್ರೆ ಇರುವ 20 ಕಿಲೋ ತೂಕದ ಕಲ್ಲನ್ನು ಕಟ್ಟೆಯ ಮೇಲೆ ಇಟ್ಟು ಒಳಗಿನ ಪರದೆ ನೋಡಿ. ಅದು 20 ತೋರಿಸುತ್ತಿರುವಾಗಲೇ ಮೋಡೆಮ್ಮಿನ ಸಿಮ್ಮಿಗೆ ನಿಮ್ಮ ಮೊಬೈಲಿನಿಂದ ಕರೆ ಮಾಡಿ. ಪರದೆಯಲ್ಲಿ ಏನೂ ಬದಲಾಗಬಾರದು. ಕರೆ ಮುಗಿಸಿ, ಕಟ್ಟೆಯ ಕಂಪ್ಯೂಟರಿನ ಜಾಲದ ಕೇಬಲ್ ಕೀಳಿ. ಎರಡು ಸೆಕೆಂಡಿನಲ್ಲಿ ಪರದೆ ಖಾಲಿಯಾಗಬೇಕು. ಮತ್ತೆ ಹಾಕಿ, 20 ತಾನಾಗಿಯೇ ಮರಳಿ ಬರಬೇಕು.